ಫಿಲ್ಮ್ ಅಂಟಿಸಿದ ತಗಡಿಗೆ ತುಕ್ಕು ಎಲ್ಲಿಂದ ಬರುತ್ತದೆ

(ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಷೆಡ್ಡಿನಲ್ಲಿ, ತಗಡಿನ ಕೆಲಸ ಮಾಡುವವರ ಮುಂದೆ ಆಡಿದ ಮಾತಿನ ಬರಹ ರೂಪ. ರೆಕಾರ್ಡಿಂಗ್ ಕೇಳಿಕೊಂಡು ತಿದ್ದಿದ್ದು.)

ಈ ಮೇಜಿನ ಮೇಲೆ ಮೂರು ಗಾಜಿನ ಲೋಟ ಇವೆ. ಮೂರರಲ್ಲೂ ಉಪ್ಪುನೀರು, ಲೀಟರಿಗೆ 50 ಗ್ರಾಂ ಅಡುಗೆ ಉಪ್ಪು ಹಾಕಿದ್ದು. ಪ್ರತಿ ಲೋಟದಲ್ಲೂ ಎರಡು ಬೆರಳು ಅಗಲದ ಒಂದು ತಗಡಿನ ತುಂಡು ನಿಂತಿದೆ. ಹತ್ತು ದಿನದಿಂದ ನಮ್ಮ ಮನೆಯ ಅಡುಗೆಮನೆ ಕಿಟಕಿಯಲ್ಲಿ ಇದ್ದವು. ಮನೆಯವರ ಹತ್ತಿರ ಬೈಸಿಕೊಂಡು ಇಟ್ಟಿದ್ದೇನೆ, ಅದಕ್ಕಾದರೂ ಸ್ವಲ್ಪ ಗಮನ ಕೊಡಿ. ಮೊದಲನೆಯದು ಬರಿ ಸಿಆರ್ ಶೀಟು, ಅಂದರೆ ಸತು ಬಳಿಯದ ಉಕ್ಕಿನ ತಗಡು, ಮೇಲೆ ಏನೂ ಇಲ್ಲ. ಎರಡನೆಯದು ಅದೇ ಸಿಆರ್ ಶೀಟು, ಆದರೆ ಮೇಲೆ ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನ ಫಿಲ್ಮ್ ಅಂಟಿಸಿದೆ. ಮೂರನೆಯದು ಜಿಐ ಶೀಟಿನ, ಅಂದರೆ ಸತು ಬಳಿದ ತಗಡಿನ ಮೇಲೆ ಅದೇ ಫಿಲ್ಮ್. ಎರಡು ಮತ್ತು ಮೂರನೇ ತುಂಡಿನ ಮೇಲೆ ಬ್ಲೇಡಿನಿಂದ ಕೆಳಗಿನ ಲೋಹ ಕಾಣುವ ಹಾಗೆ ಒಂದು ಗುಣಾಕಾರದ ಗುರುತು ಗೀರಿದ್ದೇನೆ. ಇವು ಹೀಗೇ ಇರಲಿ, ಆಮೇಲೆ ಎತ್ತಿ ನೋಡೋಣ.

ಈ ಮಾತು ಶುರುವಾಗಿದ್ದು ಮದ್ದೂರು ಕಡೆಯ ಒಬ್ಬರು ಕೇಳಿದ ಪ್ರಶ್ನೆಯಿಂದ. "ಏನ್ ಸಾ, ಪ್ಲಾಸ್ಟಿಕ್ ಹೊದ್ಸಿದ್ ಮ್ಯಾಲೂ ತುಕ್ಕು ಯಂಗ್ ಹಿಡೀತದೆ?" ಅಂದರು. ನ್ಯಾಯವಾದ ಪ್ರಶ್ನೆ. ನೀರು ಪ್ಲಾಸ್ಟಿಕ್ಕಿನೊಳಗೆ ಹೋಗುವುದಿಲ್ಲ, ಮಳೆಗಾಲದಲ್ಲಿ ನಾವೆಲ್ಲ ಪ್ಲಾಸ್ಟಿಕ್ ಹೊದ್ದುಕೊಂಡೇ ಓಡಾಡುವುದು. ಹಾಗಿದ್ದ ಮೇಲೆ ತಗಡಿಗೆ ಮಾತ್ರ ಯಾಕೆ ಹೀಗೆ?

ನಿಮ್ಮೆಲ್ಲರ ಮನೆಯಲ್ಲೂ ಒಂದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇರುತ್ತದೆ, ಲ್ಯಾಮಿನೇಷನ್ ಮಾಡಿಸಿದ್ದು. ನನ್ನದೂ ಇದೆ, ಇಲ್ಲೇ ತಂದಿದ್ದೇನೆ. ಅಂಕ ಓದಬೇಡಿ, ಅಂಚು ನೋಡಿ. ಲ್ಯಾಮಿನೇಷನ್ ಅಂಗಡಿಯವನು ನೀಟಾಗಿ ಕಾಣಲಿ ಅಂತ ಮೂರು ಕಡೆ ಕಾಗದದ ಅಂಚಿನವರೆಗೂ ಕತ್ತರಿಸಿಬಿಟ್ಟಿದ್ದಾನೆ. ಒಂದು ಕಡೆ ಮಾತ್ರ ಕಾಲು ಇಂಚು ಪ್ಲಾಸ್ಟಿಕ್ ಹೊರಗೆ ಬಿಟ್ಟಿದ್ದಾನೆ. ಒಂದು ಮಳೆಗಾಲ ಇದು ಸೋರುವ ಬೀರುವಿನಲ್ಲಿತ್ತು. ಕತ್ತರಿಸಿದ ಮೂರೂ ಕಡೆ ನೀರು ಹೀರಿ ಕಂದು ಬಣ್ಣ ಅರ್ಧ ಇಂಚು ಒಳಗೆ ಹೋಗಿದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟಿದ ಆ ಒಂದು ಕಡೆ ಏನೂ ಆಗಿಲ್ಲ. ಮಧ್ಯದಲ್ಲಿ ನನ್ನ ಹೆಸರು, ನನ್ನ ಗಣಿತದ ಅಂಕ ಎಲ್ಲ ಗಟ್ಟಿಯಾಗಿ ಹಾಗೇ ಇವೆ. ಅದಾದರೂ ಹೋಗಿದ್ದರೆ ಚೆನ್ನಾಗಿತ್ತು.

ಲ್ಯಾಮಿನೇಟ್ ತಗಡಿನದೂ ಇದೇ ಕಥೆ. ಕಂಪನಿಯವರು ಕೊಡುವ ಪುಸ್ತಕದಲ್ಲಿ ಫಿಲ್ಮಿನ ದಪ್ಪ, ಹೊಳಪು, ಮರದ ಡಿಸೈನು, ಗೀರು ತಡೆಯುವ ಶಕ್ತಿ ಎಲ್ಲ ಇರುತ್ತದೆ. ಅದೆಲ್ಲ ತಗಡಿನ ಮುಖದ ವಿಷಯ. ತುಕ್ಕು ಬರುವುದು ಮುಖದಿಂದ ಅಲ್ಲ. ಅಂಚಿನಿಂದ, ತೂತಿನಿಂದ, ಗೀರಿನಿಂದ ಬರುತ್ತದೆ. ಅಂಚು, ತೂತು, ಗೀರು ಮೂರೂ ಆಗುವುದು ಫ್ಯಾಕ್ಟರಿಯಲ್ಲಿ ಅಲ್ಲ, ನಮ್ಮ ಷೆಡ್ಡಿನಲ್ಲಿ. ಬೈಯಬೇಕು ಅಂದರೆ ಮೊದಲು ನಮ್ಮನ್ನೇ ಬೈದುಕೊಳ್ಳಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆ ಕಲಾಯಿ ಹಾಕುವವರು ಬರುತ್ತಿದ್ದರು. ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರುತ್ತದೆ. ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಮಾಡಿದರೆ ಕಿಲುಬು ಹತ್ತುತ್ತದೆ, ಅದಕ್ಕೆ ಒಳಗೆ ತವರದ ಒಂದು ತೆಳು ಪದರ ಬಳಿಯುತ್ತಿದ್ದರು. ತವರ ಕರಗುವುದು 232 ಡಿಗ್ರಿಗೆ, ಅಷ್ಟು ಶಾಖಕ್ಕೆ ಬೀದಿ ಬದಿಯ ಇದ್ದಿಲ ಒಲೆ ಸಾಕು. ಆದರೆ ಅವರು ಅರ್ಧ ಗಂಟೆ ಕೆಲಸ ಮಾಡಿದರೆ ಅದರಲ್ಲಿ ತವರ ಬಳಿಯುವುದು ಎರಡೇ ನಿಮಿಷ. ಉಳಿದಿದ್ದೆಲ್ಲ ಉಜ್ಜುವುದು, ತೊಳೆಯುವುದು, ನವಸಾಗರ ಹಾಕಿ ಹೊಗೆ ಎಬ್ಬಿಸಿ ಮತ್ತೆ ಒರೆಸುವುದು. ಒಂದು ಕಡೆ ಜಿಡ್ಡು ಉಳಿದರೂ ಅಲ್ಲಿ ಕಲಾಯಿ ಹಿಡಿಯುವುದಿಲ್ಲ, ಕಪ್ಪು ಚುಕ್ಕೆ ಉಳಿಯುತ್ತದೆ. ನಮ್ಮ ಅಜ್ಜಿ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಅದೇ ಚುಕ್ಕೆ ಹುಡುಕಿ ಎರಡಾಣೆ ಕಡಿಮೆ ಕೊಡುತ್ತಿದ್ದರು.

ತಗಡಿನ ಸುರುಳಿಗೆ ಫಿಲ್ಮ್ ಅಂಟಿಸುವ ಕಾಯಿಲ್ ಲೈನಿನಲ್ಲಿ ನಾನು 22 ವರ್ಷ ಕೆಲಸ ಮಾಡಿದೆ. ಅಲ್ಲಿ ನಡೆಯುವುದು ದೊಡ್ಡ ಮಟ್ಟದ ಕಲಾಯಿ ಅಷ್ಟೇ. ತಗಡಿನ ಸುರುಳಿ ಒಂದು ಕಡೆ ಬಿಚ್ಚಿಕೊಳ್ಳುತ್ತದೆ. ಮೊದಲು ಕ್ಷಾರದ ನೀರಿನಲ್ಲಿ ಎಣ್ಣೆ ತೆಗೆಯುತ್ತಾರೆ, ಬ್ರಷ್ಷಿನಲ್ಲಿ ಉಜ್ಜುತ್ತಾರೆ, ತೊಳೆಯುತ್ತಾರೆ. ಆಮೇಲೆ ಒಂದು ರಾಸಾಯನಿಕ ಪದರ ಕೊಡುತ್ತಾರೆ. ಹಿಂದೆ ಇದಕ್ಕೆ ಕ್ರೋಮೇಟ್ ಜಾಸ್ತಿ ಬಳಸುತ್ತಿದ್ದರು. ಅದರಲ್ಲಿರುವ ಕ್ರೋಮಿಯಂ ದೇಹಕ್ಕೆ ವಿಷ, ಆದ್ದರಿಂದ ಈಗ ಟೈಟಾನಿಯಂ, ಜಿರ್ಕೋನಿಯಂ ಕಡೆ ಹೊರಳಿದ್ದಾರೆ. ಅದರ ಮೇಲೆ ಅಂಟು ಬಳಿದು, ಒಲೆಯಲ್ಲಿ 200 ಡಿಗ್ರಿ ಆಸುಪಾಸಿಗೆ ಕಾಯಿಸಿ, ಬಿಸಿ ಇರುವಾಗಲೇ ಫಿಲ್ಮನ್ನು ರಬ್ಬರ್ ರೋಲರಿನಿಂದ ಒತ್ತಿ, ತಕ್ಷಣ ನೀರಿನಲ್ಲಿ ತಣಿಸುತ್ತಾರೆ. ಪಿವಿಸಿ ಫಿಲ್ಮ್ ಸಾಮಾನ್ಯವಾಗಿ 100ರಿಂದ 200 ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ಬಣ್ಣ ಬಳಿದ ಶೀಟಿನಲ್ಲಿ ಆ ಬಣ್ಣದ ಪದರ ಬರಿ 20, 25 ಮೈಕ್ರಾನ್. ನಿಮ್ಮ ತಲೆಕೂದಲು ಸುಮಾರು 70. ಹಾಗಾಗಿ ದಪ್ಪದಲ್ಲಿ ಫಿಲ್ಮು ಬಣ್ಣಕ್ಕಿಂತ ಎಷ್ಟೋ ಮುಂದೆ, ಅದರಲ್ಲಿ ಅನುಮಾನ ಇಲ್ಲ.

ಬಣ್ಣದ ಮಾತು ಬಂದಿದ್ದಕ್ಕೆ ನಮ್ಮ ಊರಿನ ಒಂದು ವಿಷಯ. ಚುನಾವಣೆಯಲ್ಲಿ ನಿಮ್ಮ ಬೆರಳಿಗೆ ಹಾಕುವ ಶಾಯಿ ತಯಾರಾಗುವುದು ಇಲ್ಲೇ, ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾಗಿದ್ದು. ಆ ಶಾಯಿ ಹೋಗಬೇಕು ಅಂದರೆ ಕೆಳಗಿನ ಚರ್ಮವೇ ಹೋಗಿ ಹೊಸದು ಬರಬೇಕು. ನಮಗೆ ಬೇಕಾಗಿರುವ ಅಂಟು ಅಂಥದ್ದು.

ಈಗ ವಿಷಯಕ್ಕೆ ಬರುತ್ತೇನೆ. ಪ್ಲಾಸ್ಟಿಕ್ ನೀರನ್ನು ಪೂರ್ತಿ ತಡೆಯುತ್ತದೆ ಅನ್ನುವುದೇ ತಪ್ಪು. ಜುಲೈ ತಿಂಗಳಲ್ಲಿ ಹಪ್ಪಳವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಇಡಿ, ಎರಡು ವಾರ ಬಿಟ್ಟು ನೋಡಿ, ಮೆತ್ತಗಾಗಿರುತ್ತದೆ. ಗಂಟು ಎಷ್ಟು ಬಿಗಿ ಇದ್ದರೂ ಅಷ್ಟೇ. ತೇವ ಪ್ಲಾಸ್ಟಿಕ್ಕಿನ ಮೂಲಕವೇ ಒಂದೊಂದು ಕಣವಾಗಿ ದಾಟಿ ಹೋಗುತ್ತದೆ. ಗಾಳಿಯೊಳಗಿನ ಆಮ್ಲಜನಕವೂ ಹಾಗೆಯೇ ಹೋಗುತ್ತದೆ. ತುಕ್ಕಿಗೆ ಬೇಕಾದ್ದು ಇವೆರಡೇ, ನೀರು ಮತ್ತು ಆಮ್ಲಜನಕ. ಹಾಗಾದರೆ ಎಲ್ಲ ಲ್ಯಾಮಿನೇಟ್ ಶೀಟೂ ಫಿಲ್ಮಿನ ಕೆಳಗೆ ತುಕ್ಕು ಹಿಡಿಯಬೇಕಿತ್ತು. ಹಿಡಿಯುವುದಿಲ್ಲ, ಯಾಕೆ?

ದಾಟಿ ಬಂದ ನೀರಿನ ಕಣಕ್ಕೆ ಅಲ್ಲಿ ಕೂರಲು ಜಾಗ ಇಲ್ಲ. ತುಕ್ಕು ಹಿಡಿಯಬೇಕು ಅಂದರೆ ನೀರು ಒಂದು ಪದರವಾಗಿ ನಿಲ್ಲಬೇಕು, ಅದರಲ್ಲಿ ಸ್ವಲ್ಪ ಉಪ್ಪು ಕರಗಿರಬೇಕು, ಅದರ ಮೂಲಕ ಕರೆಂಟು ಹರಿಯಬೇಕು. ತುಕ್ಕು ಅಂದರೆ ಒಂದು ಸಣ್ಣ ಬ್ಯಾಟರಿ. ಒಂದು ಕಡೆ ಕಬ್ಬಿಣ ಕರಗುತ್ತದೆ, ಇನ್ನೊಂದು ಕಡೆ ಆಮ್ಲಜನಕ ನೀರಿನ ಜೊತೆ ಸೇರುತ್ತದೆ. ಅಂಟು ಲೋಹವನ್ನು ಇಂಚಿಂಚೂ ಹಿಡಿದುಕೊಂಡಿದ್ದರೆ ನೀರು ನಿಲ್ಲಲು ಸಂದಿಯೇ ಸಿಗುವುದಿಲ್ಲ. ಬಸ್ಸಿನ ತುಂಬ ಜನ ಕೂತಿದ್ದಾರೆ, ನೀವು ಹತ್ತಿದರೂ ಕೂರಲು ಸೀಟು ಇಲ್ಲ, ಹಾಗೆ. ಅಂದರೆ ಕಾಪಾಡುತ್ತಿರುವುದು ಫಿಲ್ಮಿನ ದಪ್ಪಕ್ಕಿಂತ ಜಾಸ್ತಿ ಅದರ ಹಿಡಿತ. ಅದೂ ಒಣಗಿದ್ದಾಗಿನ ಹಿಡಿತ ಅಲ್ಲ, ಒದ್ದೆಯಾದಾಗಿನ ಹಿಡಿತ. ಒಣ ತಗಡಿನ ಮೇಲೆ ಟೇಪು ಅಂಟಿಸಿ ಕಿತ್ತು "ನೋಡಿ ಸಾರ್, ಬರೋದೇ ಇಲ್ಲ" ಅಂತ ತೋರಿಸುವ ಸೇಲ್ಸ್ ಹುಡುಗನಿಗೆ ಒಂದು ಕೆಲಸ ಹೇಳಿ. ಆ ತುಂಡನ್ನು ಒಂದು ಗಂಟೆ ಕುದಿಯುವ ನೀರಿನಲ್ಲಿ ಹಾಕಿ, ಆಮೇಲೆ ಗೀರಿ, ಟೇಪು ಅಂಟಿಸಿ ಕೀಳು ಅನ್ನಿ.

ಹಿಡಿತ ತಪ್ಪುವುದು ಹೇಗೆ ಅನ್ನುವುದು ನನಗೆ ಈ ಕೆಲಸದಲ್ಲೇ ಅತ್ಯಂತ ಸೋಜಿಗದ ವಿಷಯ. ತುಕ್ಕು ಉಬ್ಬಿ ಫಿಲ್ಮನ್ನು ಎತ್ತುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿ ಜಾಗ ತಿನ್ನುತ್ತದೆ, ಹಾಗಾಗಿ ಎತ್ತುವುದೂ ನಿಜ. ಆದರೆ ಅನೇಕ ಸಲ ಫಿಲ್ಮು ಮೊದಲೇ ಬಿಟ್ಟುಕೊಂಡಿರುತ್ತದೆ, ತುಕ್ಕು ಆಮೇಲೆ ಹೋಗಿ ಸೇರುತ್ತದೆ. ಗೀರಿನ ತಳದಲ್ಲಿ ಕಬ್ಬಿಣ ಕರಗುತ್ತಿದೆ. ಬ್ಯಾಟರಿಯ ಇನ್ನೊಂದು ತುದಿ ಎಲ್ಲಿ? ಗೀರಿನ ಪಕ್ಕದಲ್ಲಿ, ಫಿಲ್ಮಿನ ಅಂಚಿನ ಅಡಿಯಲ್ಲೇ. ಅಲ್ಲಿ ಆಮ್ಲಜನಕ ಮತ್ತು ನೀರು ಸೇರಿದಾಗ ಕ್ಷಾರ ಹುಟ್ಟುತ್ತದೆ. ಸುಣ್ಣದ ತಿಳಿ ಕೈಗೆ ಹತ್ತಿದರೆ ಜಾರುತ್ತದಲ್ಲ, ಆ ಗುಣದ್ದು. ಎಷ್ಟೋ ಅಂಟುಗಳಿಗೆ ಕ್ಷಾರ ಆಗುವುದಿಲ್ಲ. ಅಂಟು ಸಡಿಲವಾಗುತ್ತದೆ, ಫಿಲ್ಮು ಕೂದಲೆಳೆಯಷ್ಟು ಏಳುತ್ತದೆ, ಒಳಗೆ ನೀರು ಹೋಗುತ್ತದೆ, ಬ್ಯಾಟರಿ ಅಷ್ಟು ಮುಂದಕ್ಕೆ ಸರಿಯುತ್ತದೆ, ಅಲ್ಲಿ ಮತ್ತೆ ಕ್ಷಾರ. ಮೇಲಿನಿಂದ ನೋಡಿದರೆ ಫಿಲ್ಮು ಹೊಳೆಯುತ್ತಲೇ ಇರುತ್ತದೆ. ಉಗುರಿನಿಂದ ಒತ್ತಿದರೆ ಮಾತ್ರ ಪಟಕ್ ಅನ್ನುತ್ತದೆ.

ಬೊಬ್ಬೆ ಬರುವುದು ಇನ್ನೊಂದು ದಾರಿ. ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಜಾಡಿಯಲ್ಲಿ ನೀರು ನಿಂತಿರುತ್ತದೆ. ಉಪ್ಪು ನೀರನ್ನು ಎಳೆಯುತ್ತದೆ. ಫಿಲ್ಮ್ ಅಂಟಿಸುವ ಮುಂಚೆ ತಗಡಿನ ಮೇಲೆ ಬೆವರಿದ ಕೈಯ ಗುರುತು ಉಳಿದಿದ್ದರೆ ಅದು ಉಪ್ಪು. ಫಿಲ್ಮಿನ ಮೂಲಕ ಹನಿಹನಿಯಾಗಿ ನೀರು ಎಳೆದುಕೊಂಡು ಐದು ಬೆರಳಿನ ಗುರುತಿನಲ್ಲೇ ಬೊಬ್ಬೆ ಏಳುತ್ತದೆ. ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ, ಹೆಬ್ಬೆರಳು ಯಾವುದು ಅಂತ ಕೂಡ ಗೊತ್ತಾಗುತ್ತಿತ್ತು.

ನಿಮ್ಮ ಷೆಡ್ಡಿನಲ್ಲಿ ಯಾರಾದರೂ ತಾವೇ ಫಿಲ್ಮ್ ಅಂಟಿಸುವವರಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ತೊಳೆದ ತಗಡಿನ ಮೇಲೆ ಒಂದು ಚೊಂಬು ಒಳ್ಳೆ ನೀರು ಸುರಿಯಿರಿ. ನೀರು ಒಂದೇ ಹಾಳೆಯಾಗಿ ಹರಡಿ ನಿಂತರೆ ಜಿಡ್ಡು ಹೋಗಿದೆ. ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತುಮುತ್ತಾಗಿ ಓಡಿದರೆ ಇನ್ನೂ ಎಣ್ಣೆ ಇದೆ, ಮತ್ತೆ ತೊಳೆಯಿರಿ. ಇದಕ್ಕೆ ಮೀಟರೂ ಬೇಡ, ಕಾಸೂ ಬೇಡ.

ಇನ್ನು ಫಿಲ್ಮಿನ ಕೆಳಗಿನ ತಗಡು. ನನಗೆ ಬಿಟ್ಟರೆ ಗಿರಾಕಿ ಕೇಳುವ ಮೊದಲ ಪ್ರಶ್ನೆ ಇದೇ ಆಗಬೇಕು. ಕೆಳಗೆ ಸತು ಇದೆಯೋ ಇಲ್ಲವೋ, ಇದ್ದರೆ ಎಷ್ಟು? ಸತುವಿನ ಗುಣ ನಿಮಗೆ ಗೊತ್ತೇ ಇದೆ. ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ ಎಂಬುವವರು 1837ರಲ್ಲಿ ಪೇಟೆಂಟ್ ತೆಗೆದುಕೊಂಡರು, ಅಲ್ಲಿಂದ ಇಲ್ಲಿವರೆಗೆ ಮೂಲ ಉಪಾಯ ಬದಲಾಗಿಲ್ಲ. ಜೆಡ್ 275 ಅಂತ ಬರೆದಿದ್ದರೆ ಒಂದು ಚದರ ಮೀಟರಿಗೆ ಎರಡೂ ಮುಖ ಸೇರಿ 275 ಗ್ರಾಂ ಸತು. ಒಂದು ಮುಖಕ್ಕೆ ಸುಮಾರು 20 ಮೈಕ್ರಾನ್ ಬಿತ್ತು. ಜೆಡ್ 120 ಅಂದರೆ ಒಂದು ಮುಖಕ್ಕೆ ಎಂಟೂವರೆ ಮೈಕ್ರಾನ್. ಮೇಲೆ ಫಿಲ್ಮ್ ಹಾಕಿದ ಮೇಲೆ ಎರಡೂ ನೋಡಲು ಒಂದೇ. ಬೆಲೆಯಲ್ಲಿ ವ್ಯತ್ಯಾಸ, ಬಾಳಿಕೆಯಲ್ಲಿ ಇನ್ನೂ ದೊಡ್ಡ ವ್ಯತ್ಯಾಸ. "ಲ್ಯಾಮಿನೇಟ್ ಶೀಟು, ಒಳ್ಳೇದು" ಅಂತ ಮಾತ್ರ ಹೇಳುವ ಅಂಗಡಿಯವರ ಹತ್ತಿರ ಈ ನಂಬರ್ ಕೇಳಿ. ಹೇಳಲಿಲ್ಲ ಅಂದರೆ ಕೊಳ್ಳಬೇಡಿ.

ತವರ ಹಾಗಲ್ಲ ನೋಡಿ. ಹದಿನೈದು ಕೆಜಿ ಎಣ್ಣೆ ಡಬ್ಬದಲ್ಲಿ ನಮ್ಮ ಕಡೆ ತುಳಸಿ ಗಿಡ ಹಾಕುತ್ತಾರೆ. ತವರ ಬಳಿದ ಡಬ್ಬ ಗೀರು ಬೀಳದೆ ಇದ್ದಷ್ಟು ದಿನ ಚೆನ್ನಾಗಿರುತ್ತದೆ. ಒಂದು ಗೀರು ಬಿತ್ತೋ, ಗಾಳಿ ಮಳೆಗೆ ಕಬ್ಬಿಣವೇ ಮೊದಲು ಹೋಗುತ್ತದೆ, ತವರ ಸುಮ್ನೆ ನೋಡುತ್ತ ಕೂರುತ್ತದೆ. ಸತು ಮಾತ್ರ ಪಕ್ಕದ ಮನೆಗೆ ಬೆಂಕಿ ಬಿದ್ದರೆ ತಾನು ಹೋಗಿ ಬೀಳುವ ಪೈಕಿ. ತೆಳು ತಗಡಿನಲ್ಲಿ, ಅಂದರೆ ಅರ್ಧ ಮಿಲಿಮೀಟರ್ ಆಸುಪಾಸಿನದರಲ್ಲಿ, ಕತ್ತರಿಸಿದ ಅಂಚಿನ ಬರಿ ಕಬ್ಬಿಣವನ್ನೂ ಎರಡು ಬದಿಯ ಸತು ಕಾಯುತ್ತದೆ. ತಗಡು ದಪ್ಪವಾದಷ್ಟೂ ಆ ಕಾವಲು ಕಷ್ಟ.

ಊಟದ ಡಬ್ಬಿಗಳಲ್ಲಿ ಕೂಡ ಈ ಫಿಲ್ಮ್ ಕೆಲಸ ಇದೆ. ಜಪಾನಿನಲ್ಲಿ 1990ರ ದಶಕದಿಂದ ಪಾನೀಯದ ಡಬ್ಬಿಗಳನ್ನು ಪಾಲಿಯೆಸ್ಟರ್ ಫಿಲ್ಮ್ ಅಂಟಿಸಿದ ಉಕ್ಕಿನಿಂದಲೇ ಒತ್ತಿ ಮಾಡುತ್ತಾರೆ, ತವರ ಬೇಡ, ಒಳಗೆ ವಾರ್ನಿಷ್ ಬೇಡ. ಅಲ್ಲಿ ಫಿಲ್ಮು ಬಹಳ ತೆಳು, ಆದರೆ ಅಂಚು ಮಡಚಿ ಸೀಮಿನೊಳಗೆ ಹೋಗಿಬಿಡುತ್ತದೆ. ಅಂಚು ಹೊರಗೇ ಕಾಣದ ಹಾಗೆ ಮಾಡಿರುವುದರಲ್ಲೇ ಅವರ ಜಾಣತನ ಇದೆ. ಡಬ್ಬಿ, ಪೊಟ್ಟಣ, ಪ್ಯಾಕೇಜಿಂಗ್ ಬಗ್ಗೆ ತಿಳಿಯಬೇಕು ಅನ್ನುವವರಿಗೆ ನಮ್ಮ ಊರಿನಲ್ಲೇ ಸಿಎಫ್‌ಟಿಆರ್‌ಐ ಅನ್ನುವ ಆಹಾರ ಸಂಶೋಧನಾ ಸಂಸ್ಥೆ ಇದೆ, 1950ರಿಂದ. ಅದು ಇರುವ ಚೆಲುವಾಂಬ ಮ್ಯಾನ್ಷನ್ ಮುಂದೆ ದಿನಾ ಓಡಾಡುತ್ತೇವೆ, ಒಳಗೆ ಏನು ನಡೆಯುತ್ತದೆ ಅಂತ ಕೇಳುವುದಿಲ್ಲ.

ಈಗ ಸ್ವಲ್ಪ ನೋವಿನ ಕಥೆ. ಮಂಡ್ಯ ಜಿಲ್ಲೆಯ ಒಂದು ಘಟಕದ ಕೋಲ್ಡ್ ರೂಮಿಗೆ ಪಿವಿಸಿ ಲ್ಯಾಮಿನೇಟ್ ತಗಡಿನ ಪ್ಯಾನೆಲ್ ಹಾಕಿಸಲು ಹೇಳಿದ್ದು ನಾನೇ. ಶೀಟು ಒಳ್ಳೆಯದು, ಸತು 275, ಫಿಲ್ಮ್ 150 ಮೈಕ್ರಾನ್. ಮೂರು ವರ್ಷಕ್ಕೆ ಫೋನ್ ಬಂತು. ಹೋಗಿ ನೋಡಿದರೆ ನೆಲದಿಂದ ಒಂದು ಗೇಣು ಎತ್ತರದವರೆಗೆ ಕಂದು ಬಣ್ಣದ ಕಣ್ಣೀರು ಇಳಿದಿದೆ. ಬ್ಲೇಡ್ ಹಾಕಿ ಎತ್ತಿದೆ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಫಿಲ್ಮು ಇಡಿಯಾಗಿ ಬಂತು. ಅಡಿಯಲ್ಲಿ ಕೆಳಗೆ ಕಂದು, ಅದರ ಮೇಲೆ ಎರಡು ಬೆರಳು ಬಿಳಿ ಪುಡಿ, ಅದರ ಮೇಲೆ ಸತು ಹೊಸದರ ಹಾಗೆ ಹೊಳೆಯುತ್ತಿದೆ. ಅಲ್ಲಿಂದ ಮೇಲೆ ಬ್ಲೇಡು ಕೂಡ ಹೋಗಲಿಲ್ಲ. ಶೀಟಿನ ತಪ್ಪೇನೂ ಇಲ್ಲ ಅಂತ ಅಲ್ಲೇ ಗೊತ್ತಾಯಿತು. ತಪ್ಪು ಎರಡು. ಜೋಡಿಸಿದವರು ಕೆಳಗಿನ ಅಂಚನ್ನು ಗ್ರೈಂಡರಿನಲ್ಲಿ ಕತ್ತರಿಸಿದ್ದರು. ಆಮೇಲೆ ಪ್ಯಾನೆಲನ್ನು ಹಸಿ ಸಿಮೆಂಟಿನಲ್ಲಿ ನೇರವಾಗಿ ನಿಲ್ಲಿಸಿದ್ದರು. ಹಸಿ ಸಿಮೆಂಟು ಕ್ಷಾರ, ಸತುವನ್ನು ತಿನ್ನುತ್ತದೆ. ಮೇಲೆ ದಿನಾ ಪೈಪು ಹಿಡಿದು ನೆಲ ತೊಳೆಯುತ್ತಾರೆ. ನಾನು ಶೀಟು ಆರಿಸಿ ಕೊಟ್ಟು ಮನೆಗೆ ಹೋದೆ, ನಿಂತು ನೋಡಲಿಲ್ಲ. ಆ ಮಟ್ಟಿಗೆ ನನ್ನದೂ ತಪ್ಪು.

ಗ್ರೈಂಡರ್ ಬಗ್ಗೆ ಇಲ್ಲಿ ಜಗಳಕ್ಕೇ ಬರುತ್ತೀರಿ ಅಂತ ಗೊತ್ತು. ಬೇಗ ಆಗುತ್ತದೆ, ಎಲ್ಲರ ಹತ್ತಿರವೂ ಇದೆ. ಆದರೆ ಕಟಿಂಗ್ ಪ್ಲೇಟು ಸವರುತ್ತ ಹೋಗುವಾಗ ಅಂಚು ಕೆಂಪಗೆ ಕಾಯುತ್ತದೆ, ಸತು ಸುಟ್ಟು ಹೋಗುತ್ತದೆ, ಫಿಲ್ಮು ಕರಗಿ ಹಿಂದಕ್ಕೆ ಸುರುಟಿಕೊಳ್ಳುತ್ತದೆ. ಕಾಯಬೇಕಾದ ಇಬ್ಬರೂ ಒಟ್ಟಿಗೆ ಓಡಿಹೋದರು. ಮೇಲಿಂದ ಕಿಡಿ. ಆ ಕಿಡಿ ಅಂದರೆ ಕಾದ ಕಬ್ಬಿಣದ ಚೂರು, ಪಕ್ಕದ ಶೀಟಿನ ಫಿಲ್ಮಿನೊಳಗೆ ಇಳಿದು ಕೂರುತ್ತದೆ. ಒಂದು ಮಳೆ ಬರಲಿ, ಸಿಡುಬಿನ ಹಾಗೆ ಕೆಂಪು ಚುಕ್ಕೆ. ಗಿರಾಕಿ ಶೀಟು ತುಕ್ಕು ಹಿಡಿಯಿತು ಅನ್ನುತ್ತಾನೆ, ತುಕ್ಕು ಹಿಡಿದಿದ್ದು ನಮ್ಮ ಕಿಡಿ. ಕತ್ತರಿ ಯಂತ್ರ ಇದ್ದರೆ ಅದರಲ್ಲೇ ಕತ್ತರಿಸಿ, ಇಲ್ಲದಿದ್ದರೆ ಕೈಕತ್ತರಿ. ಕತ್ತರಿಸುವಾಗ ಬರ್, ಅಂದರೆ ಅಂಚಿನಲ್ಲಿ ಏಳುವ ಚೂಪು ಮುಳ್ಳು, ಫಿಲ್ಮ್ ಇಲ್ಲದ ಮುಖಕ್ಕೆ ಬರಲಿ. ಫಿಲ್ಮಿನ ಕಡೆ ಬರ್ ಬಂದರೆ ಅದೇ ಫಿಲ್ಮನ್ನು ಎತ್ತಿ ಹಿಡಿದಿರುತ್ತದೆ, ನೀರಿಗೆ ಬಾಗಿಲು ತೆಗೆದ ಹಾಗೆ. ಡ್ರಿಲ್ ಹಾಕಿದ ಮೇಲೆ ಸುರುಳಿ ಚೂರುಗಳನ್ನು ಅದೇ ಸಂಜೆ ಗುಡಿಸಿ.

ವೆಲ್ಡಿಂಗ್ ಅಂತೂ ಬೇಡವೇ ಬೇಡ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ಬಚ್ಚಲು ತೊಳೆಯುವ ಆಸಿಡ್ ಇದೆಯಲ್ಲ, ಅದೇ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಬಾಗಿಲು ಮುಚ್ಚಿದ ರೂಮಿನಲ್ಲಿ ಸ್ಕ್ರಾಪ್ ಶೀಟಿಗೆ ವೆಲ್ಡಿಂಗ್ ಮಾಡಿದ್ದೆವು. ಗಂಟಲು ಉರಿದು ಹೊರಗೆ ಓಡಿ ಬಂದೆವು. ಮಾರನೇ ದಿನ ನೋಡಿದರೆ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರ್, ಡ್ರಿಲ್ಲಿನ ಬಿಟ್‌ಗಳು ಎಲ್ಲ ಕೆಂಪಗಾಗಿದ್ದವು. ಶೀಟಿನ ತುಕ್ಕು ತಡೆಯಲು ಹೋಗಿ ಇಡೀ ರೂಮಿಗೆ ತುಕ್ಕು ಹಿಡಿಸಿದ್ದೆವು. ಎದೆಯೊಳಗೆ ಹೋಗಿದ್ದನ್ನು ಲೆಕ್ಕ ಹಾಕಿಲ್ಲ.

ಬಚ್ಚಲ ಆಸಿಡ್ ಮನೆಯಲ್ಲೂ ಇದೇ ಕೆಲಸ ಮಾಡುತ್ತದೆ. ಬಾತ್‌ರೂಮಿನಲ್ಲಿ ವಾಷಿಂಗ್ ಮಿಷನ್ ಇಟ್ಟು, ಅಲ್ಲೇ ವಾರಕ್ಕೊಂದು ಸಲ ಆಸಿಡ್ ಹಾಕಿ ಟೈಲ್ಸ್ ಉಜ್ಜಿ, ಬಾಗಿಲು ಮುಚ್ಚಿಬಿಟ್ಟರೆ ಮಿಷನ್ನಿನ ತಳದ ಅಂಚು ಎರಡು ವರ್ಷ ಬಂದರೆ ಜಾಸ್ತಿ. ಕಂಪನಿಯನ್ನು ಬೈದು ಪ್ರಯೋಜನ ಇಲ್ಲ.

ಸಾಲ್ಟ್ ಸ್ಪ್ರೇ ಅನ್ನುವ ತುಕ್ಕು ಪರೀಕ್ಷೆಯ ನಂಬರಿನ ಬಗ್ಗೆ ಕೇಳಿದ್ದೀರಿ. "1000 ಗಂಟೆ ಪಾಸಾಗಿದೆ" ಅಂತ ಬ್ರೋಷರಿನಲ್ಲಿ ಇರುತ್ತದೆ. ಪೆಟ್ಟಿಗೆಯೊಳಗೆ 35 ಡಿಗ್ರಿ ಬಿಸಿಯಲ್ಲಿ 5% ಉಪ್ಪುನೀರಿನ ಮಂಜು ಬಿಡುತ್ತಲೇ ಇರುತ್ತಾರೆ. 1000 ಗಂಟೆ ಅಂದರೆ ಹತ್ತಿರ ಹತ್ತಿರ 42 ದಿನ. ಅದನ್ನು ಇಷ್ಟು ವರ್ಷ ಅಂತ ಗುಣಿಸಲು ಆಗುವುದಿಲ್ಲ, ಯಾರಾದರೂ ಗುಣಿಸಿ ಹೇಳಿದರೆ ನಂಬಬೇಡಿ. ಆ ಪೆಟ್ಟಿಗೆಯಲ್ಲಿ ತಗಡು ಒಣಗುವುದೇ ಇಲ್ಲ. ಹೊರಗೆ ನೆನೆಯುತ್ತದೆ, ಒಣಗುತ್ತದೆ, ಒಣಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸತುವಿನ ಮೇಲೆ ಒಂದು ಬೂದು ಪದರ ಗಟ್ಟಿಯಾಗುತ್ತದೆ. ಸತುವಿನ ಅರ್ಧ ಆಯಸ್ಸು ಆ ಪದರದ್ದು. ಎರಡು ಶೀಟುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಆ ಪರೀಕ್ಷೆ ಸರಿ, ಭವಿಷ್ಯ ಹೇಳಲು ಅಲ್ಲ.

ಭವಿಷ್ಯಕ್ಕೆ ಊರಿನ ಗಾಳಿ ನೋಡಬೇಕು. ಗಾಳಿ ಎಷ್ಟು ತುಕ್ಕು ಹಿಡಿಸುತ್ತದೆ ಅಂತ ಸಿ1ರಿಂದ ಸಿ5ರವರೆಗೆ, ಅದಕ್ಕೂ ಮೇಲೆ ಸಿಎಕ್ಸ್ ಅಂತ ದರ್ಜೆ ಮಾಡಿದ ಅಂತರರಾಷ್ಟ್ರೀಯ ಲೆಕ್ಕ ಇದೆ. ಸಿ2 ಗಾಳಿಯಲ್ಲಿ ಸತು ವರ್ಷಕ್ಕೆ 0.1ರಿಂದ 0.7 ಮೈಕ್ರಾನ್ ಸವೆಯುತ್ತದೆ. ಸಿ5ರಲ್ಲಿ 4.2ರಿಂದ 8.4. ನಮ್ಮ ಮೈಸೂರು ಮಂಡ್ಯ ಸಮುದ್ರದಿಂದ ದೂರ, ಉಪ್ಪುಗಾಳಿ ಇಲ್ಲ, ಮಳೆಯೂ ಮಲೆನಾಡಿನಷ್ಟಿಲ್ಲ. ಫ್ಯಾಕ್ಟರಿ ಹೊಗೆಯಿಂದ ದೂರ ಇರುವ ಬಡಾವಣೆಯನ್ನು ಸಿ2 ಅಂತಲೇ ನಾನು ಹಿಡಿಯುತ್ತೇನೆ. 20 ಮೈಕ್ರಾನ್ ಸತು, ವರ್ಷಕ್ಕೆ 0.7 ಅಂದರೂ 28 ವರ್ಷ. ಅದೇ ಶೀಟನ್ನು ಕಡಲ ದಡದಲ್ಲಿ, ಸಿ5 ಗಾಳಿಯಲ್ಲಿ ನಿಲ್ಲಿಸಿದರೆ ಎರಡೂವರೆಯಿಂದ ಐದು ವರ್ಷ. ನಾವು ಅದೃಷ್ಟವಂತರು. ಆದರೆ ಆ ಅದೃಷ್ಟ ಛಾವಣಿಯ ಮೇಲೆ ಮಾತ್ರ. ಆಲೆಮನೆಯ ಹಬೆಯಲ್ಲಿ, ಕೋಲ್ಡ್ ರೂಮಿನ ನೆಲದಲ್ಲಿ, ಬಚ್ಚಲಿನಲ್ಲಿ ನಮ್ಮ ಕೈಯಾರೆ ನಾವೇ ಮಂಗಳೂರು ಮಾಡಿಕೊಂಡಿರುತ್ತೇವೆ.

ಬಿಸಿಲಿನ ಬಗ್ಗೆ ಒಂದೇ ಮಾತು. ಮನೆಯೊಳಗಿನ ಅಲಂಕಾರದ ಪಿವಿಸಿ ಫಿಲ್ಮನ್ನು ಛಾವಣಿಗೆ ಹಾಕಬೇಡಿ, ಬಿಸಿಲಿಗೆ ಬಣ್ಣ ಮಾಸಿ ಪೆಡಸಾಗಿ ಒಡೆಯುತ್ತದೆ. ಹೊರಗಿನ ಕೆಲಸಕ್ಕೇ ಮಾಡಿದ ಫಿಲ್ಮುಗಳು ಬೇರೆ ಇವೆ, ದುಡ್ಡು ಜಾಸ್ತಿ.

ಇನ್ನೊಂದು ಫಿಲ್ಮ್ ಇದೆ, ಅದರಿಂದ ಆಗುವ ಗೊಂದಲ ಕಡಿಮೆ ಅಲ್ಲ. ಹೊಸ ಶೀಟಿನ ಮೇಲೆ ತೆಳುವಾದ ಒಂದು ಗಾರ್ಡ್ ಫಿಲ್ಮ್ ಬರುತ್ತದೆ, ಸಾಗಿಸುವಾಗ ಗೀರು ಬೀಳದಿರಲಿ ಅಂತ. ಕೆಲಸ ಮುಗಿದ ಮೇಲೆ ಅದನ್ನು ಕೀಳಬೇಕು. ನಮ್ಮ ಜನ ಕೀಳುವುದಿಲ್ಲ. ಹೊಸ ಸ್ಕೂಟರಿನ ಸೀಟಿನ ಕವರ್ ಕೀಳುವುದಿಲ್ಲ, ಟಿವಿ ರಿಮೋಟಿನ ಕವರ್ ಕೀಳುವುದಿಲ್ಲ, ಫ್ರಿಜ್ಜಿನದಂತೂ ಮದುವೆ ವಯಸ್ಸಿಗೆ ಬಂದ ಮಗಳಿಗೆ ಕೊಡುವವರೆಗೂ ಹಾಗೇ. ಗಾರ್ಡ್ ಫಿಲ್ಮಿನ ಅಂಟು ಗಟ್ಟಿ ಅಂಟಲ್ಲ, ಅಂಚಿನಲ್ಲಿ ಬಿಡುತ್ತದೆ. ಸಂದಿಯೊಳಗೆ ನೀರು, ಸೋಪು, ಸಾರಿನ ಹನಿ ಹೋಗಿ ಒಣಗದೆ ಕೂರುತ್ತವೆ. ಒಣಗದ ಸಂದಿಯಷ್ಟು ತುಕ್ಕಿಗೆ ಒಳ್ಳೆ ಜಾಗ ಇನ್ನೊಂದಿಲ್ಲ. ಬಿಸಿಲಿಗೆ ಬಿದ್ದರೆ ಆ ಫಿಲ್ಮು ಬೆಂದು ಅಂಟಿಕೊಂಡು ಆಮೇಲೆ ಕೀಳಲೂ ಬರುವುದಿಲ್ಲ. ತಂದ ವಾರದಲ್ಲೇ ಕಿತ್ತು ಬಿಸಾಡಿ.

ಕೊಟ್ಟಿಗೆಗೆ ಹಾಕಬಹುದಾ ಅಂತ ಪಾಂಡವಪುರದಿಂದ ಬಂದವರು ಚೀಟಿ ಕೊಟ್ಟಿದ್ದಾರೆ. ಗಂಜಲದ ಅಮೋನಿಯಾ ಸತುವಿಗೂ ಒಳ್ಳೆಯದಲ್ಲ, ಅಲ್ಯೂಮಿನಿಯಂ ಸತು ಬೆರೆಸಿದ ಶೀಟಿಗೂ ಒಳ್ಳೆಯದಲ್ಲ. ಗೋಡೆಗೆ ತಗಡು ಬೇಕೇ ಬೇಕು ಅಂದರೆ ಎರಡಡಿ ಇಟ್ಟಿಗೆ ಮೋಟುಗೋಡೆ ಕಟ್ಟಿ ಅದರ ಮೇಲಿಂದ ಶುರು ಮಾಡಿ, ತಗಡು ನೆಲ ಮುಟ್ಟಬಾರದು. ಮೇಲೆ ಗಾಳಿ ಹೋಗಲು ಜಾಗ ಬಿಡಿ. ಮತ್ತೆ, ಅಲ್ಯೂಮಿನಿಯಂ ಸತು ಶೀಟಿನ ಮೇಲೆ ಅಳತೆ ಗುರುತು ಹಾಕಲು ಸೀಸದ ಕಡ್ಡಿ ಬಳಸಬೇಡಿ. ಆ ಕಡ್ಡಿಯಲ್ಲಿರುವುದು ಗ್ರಾಫೈಟ್. ಅದು ಮತ್ತು ಲೋಹ ಸೇರಿ ಮತ್ತೊಂದು ಬ್ಯಾಟರಿ ಆಗುತ್ತದೆ, ಗೆರೆ ಎಳೆದ ಜಾಗದಲ್ಲೇ ಗೆರೆಯಾಗಿ ತಿನ್ನುತ್ತದೆ. ಮಾರ್ಕರ್ ಪೆನ್ನು ಸಾಕು.

ಈಗ ಲೋಟ ನೋಡೋಣ. ಮುಂದಿನ ಸಾಲಿನವರು ಹತ್ತಿರ ಬನ್ನಿ. ಮೊದಲನೆಯದರಲ್ಲಿ ನೀರೇ ಕಾಫಿ ಬಣ್ಣ ಆಗಿದೆ, ಅದರ ಬಗ್ಗೆ ಮಾತು ಬೇಡ. ಎರಡನೆಯದು, ಬರಿ ಕಬ್ಬಿಣದ ಮೇಲೆ ಫಿಲ್ಮ್. ದೂರದಿಂದ ಚೆನ್ನಾಗಿದೆ ಅಲ್ವಾ? ಗೀರಿನಲ್ಲಿ ಒಂದು ಕೆಂಪು ಗೆರೆ, ಅಷ್ಟೇ. ಒರೆಸಿ ಟೇಪು ಅಂಟಿಸುತ್ತೇನೆ. ನೋಡಿ, ಗೀರಿನ ಎರಡೂ ಕಡೆ ಫಿಲ್ಮು ಟೇಪಿನ ಜೊತೆಗೇ ಬಂತು. ಅಡಿಯಲ್ಲಿ ಗೀರಿನ ಹತ್ತಿರ ಕೆಂಪು, ಅದರಾಚೆ ತಗಡು ಇನ್ನೂ ಬೆಳ್ಳಗೇ ಇದೆ. ಆ ಬೆಳ್ಳಗಿನ ಜಾಗದಲ್ಲಿ ತುಕ್ಕೇ ಇಲ್ಲ, ಆದರೂ ಫಿಲ್ಮು ಬಿಟ್ಟಿದೆ. ಆಗ ಹೇಳಿದ ಕ್ಷಾರದ ಕೆಲಸ ಇದೇ. ಮೂರನೆಯದು, ಸತು ಇರುವುದು. ಗೀರಿನಲ್ಲಿ ಬಿಳಿ ಪುಡಿ, ಕೆಂಪು ಇಲ್ಲ. ಟೇಪು ಕಿತ್ತರೆ ಅಂಚಿನಲ್ಲಿ ಮಾತ್ರ ಒಂದು ಎಳೆಯಷ್ಟು ಬಂತು. ಫಿಲ್ಮ್ ಎರಡಕ್ಕೂ ಒಂದೇ ರೋಲಿನದು.

ಕೊನೆಯ ಸಾಲಿನಲ್ಲಿ ಅಮ್ಮನವರು ಕೈ ಎತ್ತಿದ್ದಾರೆ. ಮನೆಯ ಫ್ರಿಜ್ಜಿನ ಬಾಗಿಲ ಕೆಳಗಿನ ಅಂಚು ತುಕ್ಕು ಹಿಡಿದಿದೆ, ಎಸೆಯಬೇಕಾ ಅಂತ ಕೇಳುತ್ತಿದ್ದಾರೆ. ಎಸೆಯಬೇಡಿ ತಾಯಿ. ಪ್ಲಗ್ ತೆಗೆದು ಒಂದು ದಿನ ಪೂರ್ತಿ ಒಣಗಲು ಬಿಡಿ. ಎದ್ದಿರುವ ಫಿಲ್ಮನ್ನು ಬ್ಲೇಡಿನಿಂದ ಎತ್ತುತ್ತ ಹೋಗಿ, ಎಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದೆಯೋ ಅಲ್ಲಿ ನಿಲ್ಲಿಸಿ ನೇರವಾಗಿ ಕೊಯ್ದುಬಿಡಿ. ಚೆನ್ನಾಗಿ ಕಾಣಲಿ ಅಂತ ಸಡಿಲ ಫಿಲ್ಮನ್ನು ಫೆವಿಕಾಲ್ ಹಾಕಿ ಮತ್ತೆ ಅಂಟಿಸಬೇಡಿ, ಒಳಗೆ ತುಕ್ಕು ಹಾಗೇ ನಡೆಯುತ್ತದೆ. ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಒರೆಸಿ. ಸತು ಬೆರೆತ ಪ್ರೈಮರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಒಂದು ಕೈ ಬಳಿಯಿರಿ. ಮೇಲೆ ಎನಾಮೆಲ್ ಎರಡು ಕೈ. ಫಿಲ್ಮಿನ ಕೊಯ್ದ ಅಂಚಿನ ಮೇಲೂ ಎರಡು ಮಿಲಿಮೀಟರ್ ಬಣ್ಣ ಹತ್ತಲಿ. ಆಮೇಲೆ ಫ್ರಿಜ್ಜನ್ನು ಸ್ಟ್ಯಾಂಡಿನ ಮೇಲೆ ಇಡಿ. ಇಟ್ಟಿಗೆ ಬೇಡ, ನೆಲ ಒರೆಸಿದ ನೀರನ್ನು ಇಟ್ಟಿಗೆ ಕುಡಿದು ದಿನವಿಡೀ ತಣ್ಣಗೆ ಕೂತಿರುತ್ತದೆ.